ಹೆಬ್ಬಾತು ಹುಡುಕಿ ಹೋದವನಿಗೆ ಭರತದ ಲೆಕ್ಕ ಸಿಕ್ಕಿದ್ದು

ಮೊದಲ ಎರಡು ಚಳಿಗಾಲಗಳನ್ನು ನಾನು ಪಟ್ಟೆತಲೆ ಹೆಬ್ಬಾತಿನ ಹಂಬಲದಲ್ಲೇ ಕಳೆದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬಂದಿಳಿಯುವ ಈ ಹಕ್ಕಿ ಘಟ್ಟ ದಾಟಿ ನಮ್ಮ ಅಳಿವೆಗಳಿಗೂ ಒಂದೆರಡಾದರೂ ಬಂದೀತು ಎಂದುಕೊಂಡು, ಪ್ರತಿ ಭಾನುವಾರ ನಸುಕಿನಲ್ಲಿ ಮಲ್ಪೆ, ಕೋಡಿಬೆಂಗ್ರೆ, ಸಸಿಹಿತ್ಲು ಎಂದು ಸ್ಕೂಟರಿನಲ್ಲಿ ಸುತ್ತಿದೆ. ಹೊಲಗಳಲ್ಲಿ ಮೇಯ್ದು ಸಿಹಿನೀರಿನ ಕೆರೆಯಲ್ಲಿ ತಂಗುವ ಹಕ್ಕಿಯನ್ನು ಉಪ್ಪುನೀರಿನ ದಂಡೆಯಲ್ಲಿ ಹುಡುಕಿದ್ದೇ ತಪ್ಪು. ದೂರದ ಹಕ್ಕಿ ನೋಡುವ ದುರ್ಬೀನಿಗೆ, ಅಂದರೆ ಸೆಕೆಂಡ್ ಹ್ಯಾಂಡ್ ಸ್ಪಾಟಿಂಗ್ ಸ್ಕೋಪಿಗೆ, ಸುಮಾರು 36 ಸಾವಿರ, ಪೆಟ್ರೋಲಿಗೆ ಐದಾರು ಸಾವಿರ, ಮರಳು ಸೇರಿ ಬಿಗಿದುಕೊಂಡ ಟ್ರೈಪಾಡಿನ ಕಾಲುಗಳ ರಿಪೇರಿಗೆ ಇನ್ನೊಂದು ಎರಡೂವರೆ ಸಾವಿರ ಹೋಯಿತು. ಹೆಬ್ಬಾತು ಮಾತ್ರ ಕಾಣಲಿಲ್ಲ.

ಮೂರನೆಯ ವರ್ಷ ಅಳಿವೆಯ ಹಕ್ಕಿಗಳನ್ನೇ ಎಣಿಸಲು ಕುಳಿತೆ. ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಕೋಡಿಬೆಂಗ್ರೆಯಲ್ಲಿ ನಸುಕಿಗೆ ಹೋದಾಗೆಲ್ಲ ಸಿಗುತ್ತಿದ್ದದ್ದು ಐವತ್ತು, ಅರವತ್ತು ಹಕ್ಕಿಗಳು, ಅವೂ ಅರ್ಧ ಕಿಲೋಮೀಟರ್ ದೂರದಲ್ಲಿ ಚದುರಿಕೊಂಡು. ಹಂಗಾರಕಟ್ಟೆಯ ಕಡವಿನಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯ ಮೀನುಗಾರರೊಬ್ಬರು, "ಅಮಾವಾಸ್ಯೆ ಕಳೆದು ಎರಡನೆಯ ದಿನ ಭರತ ಏರುವಾಗ ಬನ್ನಿ ಮಾರಾಯ್ರೆ, ಆಗ ಅವಕ್ಕೆ ನಿಲ್ಲಲಿಕ್ಕೆ ಬೇರೆ ಜಾಗ ಎಲ್ಲಿದೆ?" ಎಂದರು. ಭರತವೆಂದರೆ ಕಡಲಿನ ಉಬ್ಬರ. ಜೊತೆಯ ಹಕ್ಕಿವೀಕ್ಷಕರು ಇದನ್ನು ಒಪ್ಪಲಿಲ್ಲ. ನೀರು ಹತ್ತು ಮೀಟರ್ ಏರುವ ಖಂಭಾತ್ ಕೊಲ್ಲಿಯಲ್ಲಿ ಆ ಲೆಕ್ಕ ನಡೆದೀತು, ಹೆಚ್ಚೆಂದರೆ ಒಂದೂವರೆ ಮೀಟರ್ ಏರುವ ನಮ್ಮ ಕಡಲಿಗೆ ಅದೆಲ್ಲ ಏಕೆ ಎಂಬುದು ಅವರ ವಾದವಾಗಿತ್ತು. ಆದರೆ ಅಳಿವೆಯ ಮರಳುದಿಬ್ಬ ಎಷ್ಟು ಸಪಾಟಾಗಿದೆಯೆಂದರೆ, ಒಂದು ಗೇಣು ನೀರೇರಿದರೆ ಎರಡು ಗದ್ದೆಯಷ್ಟು ಜಾಗ ಮುಳುಗಿಹೋಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಹಗಲಿನ ಭರತ ಮಧ್ಯಾಹ್ನದ ಹೊತ್ತಿಗೆ ಬೀಳುವುದರಿಂದ, ನಸುಕಿನ ಅಭ್ಯಾಸ ಬಿಟ್ಟು ಒಂಬತ್ತೂವರೆಗೆ ಹೋಗಿ ಬೈರಾಸನ್ನು ತಲೆಗೆ ಸುತ್ತಿ ಕುಳಿತೆ. ಮೊದಲ ಎರಡು ಸಲ ಕೆಟ್ಟಿತು. ಮಂಗಳೂರು ಬಂದರಿನ ಉಬ್ಬರದ ಪಟ್ಟಿಯ ಸಮಯವನ್ನೇ ನಂಬಿದ್ದೆ. ಅಳಿವೆಯ ಒಳಗೆ ನೀರು ತಡವಾಗಿ ಏರುತ್ತದೆ. ಎಷ್ಟು ತಡ ಎಂಬುದನ್ನು ಗೂಟ ನೆಟ್ಟು ಗುರುತು ಹಾಕಿ ಕಂಡುಕೊಂಡಿದ್ದೇನೆ, ಆ ನಿಮಿಷಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹಕ್ಕಿಗಳು ಕೊನೆಗೆ ಗುಂಪುಗೂಡುವ ದಿಬ್ಬ ಯಾವುದೆಂಬುದನ್ನೂ ಬರೆಯುವುದಿಲ್ಲ, ಏಕೆಂದರೆ ಕ್ಯಾಮೆರಾ ಹಿಡಿದು ಓಡಿಸುವವರ ಕಾಟ ಅಲ್ಲಿಗೂ ತಲುಪುವುದು ನನಗೆ ಬೇಡ.

ಮೂರನೆಯ ಸಲ ನೀರು ತುಂಬುತ್ತಿದ್ದಂತೆ ಸ್ಯಾಂಡ್ ಪ್ಲೋವರ್ ಎಂಬ ಪುಟ್ಟ ದಂಡೆಹಕ್ಕಿಗಳು ಹತ್ತು, ಇಪ್ಪತ್ತರಂತೆ ಬಂದಿಳಿದು ಒಂದೇ ದಿಕ್ಕಿಗೆ, ಗಾಳಿಗೆ ಮುಖಮಾಡಿ ನಿಂತವು. ಅವುಗಳ ಹಿಂದೆ ಉದ್ದ ಬಾಗಿದ ಕೊಕ್ಕಿನ ವಿಂಬ್ರೆಲ್, ನಾಲ್ಕು ಕರ್ಲ್ಯೂ, ಅಂಚಿನಲ್ಲಿ ಕಡಲಹಕ್ಕಿಗಳು (ಗಲ್) ಮತ್ತು ದಪ್ಪ ಕೆಂಪು ಕೊಕ್ಕಿನ ಎರಡು ಕ್ಯಾಸ್ಪಿಯನ್ ರೀವಗಳಿದ್ದವು (ಟರ್ನ್). ಹತ್ತರ ಕಟ್ಟಾಗಿ ಎಣಿಸಿದಾಗ ಏಳುನೂರು ದಾಟಿತು. ಬಿಸಿಲಿನ ಝಳಕ್ಕೆ ಸ್ಕೋಪಿನಲ್ಲಿ ಚಿತ್ರ ಅಲುಗಾಡುತ್ತಿದ್ದುದರಿಂದ ಅರವತ್ತು ಪಟ್ಟು ವರ್ಧನೆಯನ್ನು ಇಪ್ಪತ್ತೈದಕ್ಕೆ ಇಳಿಸಿದೆ. ಆಗ ಕಡಲಹಕ್ಕಿಯ ಕಣ್ಣಿನ ತಿಳಿ ಬಣ್ಣವೂ ಕಂಡಿತು. ಬೆಳೆದ ಕಂದುತಲೆಯ ಕಡಲಹಕ್ಕಿಯನ್ನು ಕಪ್ಪುತಲೆಯದರಿಂದ ಬೇರೆ ಮಾಡಲು ಚಳಿಗಾಲದಲ್ಲಿ ತಲೆ ನೋಡಿ ಪ್ರಯೋಜನವಿಲ್ಲ, ಕಣ್ಣು ನೋಡಬೇಕು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಹಾರ್ಡ್‌ವೇರ್ ಅಂಗಡಿಯ ನಲವತ್ತು ರೂಪಾಯಿಯ ಪಿವಿಸಿ ಕಪ್ಲಿಂಗ್ ಕೊಯ್ದು, ಹಳೆಯ ಮೊಬೈಲ್ ಕವರಿಗೆ ಅಂಟಿಸಿ ಸ್ಕೋಪಿಗೆ ಸಿಕ್ಕಿಸಿದೆ. ಆ ಚಿತ್ರಗಳನ್ನು ಮನೆಯಲ್ಲಿ ಎಣಿಸಿದಾಗ ನನ್ನ ಕಣ್ಣಳತೆ ನೂರಕ್ಕೆ ಎಂಟು, ಹತ್ತು ಕಡಿಮೆ ಇತ್ತು. ವಾದಿಸಿದವರಲ್ಲಿ ಇಬ್ಬರು ಜನವರಿಯಲ್ಲಿ ನನ್ನ ಜೊತೆಗೆ ಬಂದು ತಾವೇ ಎಣಿಸಿದರು; ಈಗ ಅವರೂ ಪಂಚಾಂಗ ನೋಡಿಯೇ ಹೊರಡುತ್ತಾರೆ.

ಸಸಿಹಿತ್ಲುವಿನಲ್ಲಿ ಮಾತ್ರ ಇದೇ ಲೆಕ್ಕ ಎರಡು ಸಲ ಕೈಕೊಟ್ಟಿದೆ. ಎರಡೂ ಭಾನುವಾರಗಳೇ ಆಗಿದ್ದು, ದಂಡೆಯ ತುಂಬ ಜನರೂ ನಾಯಿಗಳೂ ಇದ್ದರು. ಮುಂದಿನ ಹುಣ್ಣಿಮೆಯ ಭರತ ಬುಧವಾರ ಬೀಳುವುದರಿಂದ ಅಂದಿಗೆ ರಜೆ ಹಾಕಿದ್ದೇನೆ.