ಗಾಳಿಗೇ ದೀಪ ಹಚ್ಚೋದು ಹೇಗೆ

ಗಾಜಿನ ಕೊಳವೆಯೊಳಗೆ ಬರೀ ಗಾಳಿಯೇ ಗುಲಾಬಿ-ನೇರಳೆ ಬಣ್ಣದಲ್ಲಿ ಹೊಳೆಯೋದನ್ನು ಮನೆಯಲ್ಲೇ ನೋಡಬಹುದು. ನಿಯಾನ್ ಸಿಲಿಂಡರ್ ಬೇಡ, ಗಾಜು ಊದುವ ವಿದ್ಯೆಯೂ ಬೇಡ. ಹೊಸಬರು ಸಾಮಾನ್ಯವಾಗಿ ಮೊದಲೇ ಗಾಜನ್ನು ಕಾಯಿಸಿ ಸೀಲ್ ಮಾಡಲು ಹೊರಡುತ್ತಾರೆ, ಅಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಸೀಲ್ ಮಾಡಲೇಬೇಡಿ. ಕೊಳವೆ ಗಾಳಿ ಎಳೆಯುವ ಪಂಪಿಗೆ ಸಿಕ್ಕಿಸಿದ ಹಾಗೇ ಇರಲಿ. ಆಗ ಒತ್ತಡ ನಿಮ್ಮ ಕೈಯಲ್ಲಿರುತ್ತದೆ, ಏರಿಸಬಹುದು, ಇಳಿಸಬಹುದು, ಬೇರೆ ಅನಿಲ ಬಿಟ್ಟು ನೋಡಬಹುದು. ಈ ಹವ್ಯಾಸದ ಸುಖ ಇರೋದೇ ಅಲ್ಲಿ.

1857ರಲ್ಲಿ ಜರ್ಮನಿಯ ಗಾಜು ಕೆಲಸಗಾರ ಹೈನ್ರಿಚ್ ಗೈಸ್ಲರ್ ಮಾಡಿದ್ದೂ ಇಂಥದ್ದೇ ಕೊಳವೆ. ಅವರಿಗೆ ಒಳ್ಳೆಯ ಪಂಪ್ ಮಾಡಿಕೊಳ್ಳೋದೇ ದೊಡ್ಡ ಕೆಲಸವಾಗಿತ್ತು. ನಮಗೆ ಆ ಕಷ್ಟ ಇಲ್ಲ. ತುಮಕೂರಿನಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುವವರ ಹತ್ತಿರ ವ್ಯಾಕ್ಯೂಮ್ ಪಂಪ್ ಇದ್ದೇ ಇರುತ್ತದೆ. ಪರಿಚಯದವರಾದರೆ ಒಂದು ದಿನದ ಬಾಡಿಗೆಗೆ ಕೇಳಿ. ಎರಡು ಹಂತದ್ದು, ಅಂದರೆ ಟೂ ಸ್ಟೇಜ್ ಪಂಪ್ ಸಿಕ್ಕರೆ ಬಹಳ ಒಳ್ಳೆಯದು. ಜೊತೆಗೆ ಮ್ಯಾನಿಫೋಲ್ಡ್ ಗೇಜ್ (ವಾಲ್ವ್‌ಗಳಿರುವ ಒತ್ತಡದ ಮಾಪಕ), ಅದಕ್ಕೆ ಸಿಕ್ಕಿಸುವ ಚಾರ್ಜಿಂಗ್ ಹೋಸ್ ಮತ್ತು ಒಂದು ತುದಿಗೆ ಫ್ಲೇರ್ ಮಾಡಿಸಿದ, ಅಂದರೆ ಬಾಯಿ ಅಗಲಿಸಿದ, ಗೇಣುದ್ದದ ಕಾಲಿಂಚು ತಾಮ್ರದ ಪೈಪ್ ತನ್ನಿ. ಫ್ಲೇರ್ ಅವರೇ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕೊಳವೆಗೆ ಬೋರೋಸಿಲಿಕೇಟ್ ಗಾಜಿನ ದೊಡ್ಡ ಟೆಸ್ಟ್ ಟ್ಯೂಬ್ ಸಾಕು, ಸುಮಾರು 25 ಮಿಲಿಮೀಟರ್ ಅಗಲದ್ದು. ಗೀರು, ಬಿರುಕು ಇದ್ದರೆ ಅದನ್ನು ಮುಟ್ಟಲೇಬೇಡಿ. ಜ್ಯಾಮ್ ಬಾಟಲಿ, ಜಾಡಿ ಕೂಡ ಬೇಡ, ಹೊರಗಿನ ಗಾಳಿಯ ಒತ್ತಡಕ್ಕೆ ಅವು ಒಳಕ್ಕೆ ಒಡೆದು ಚೂರು ಸಿಡಿಯಬಹುದು. ಟ್ಯೂಬಿನ ಬಾಯಿಗೆ ಒಂದು ತೂತಿನ ರಬ್ಬರ್ ಕಾರ್ಕ್ ಹಾಕಿ, ತೂತಿಗೆ ಸ್ವಲ್ಪ ಗ್ರೀಸ್ ಸವರಿ ತಾಮ್ರದ ಪೈಪನ್ನು ತಿರುಗಿಸುತ್ತಾ ತಳ್ಳಿ. ಫ್ಲೇರ್ ಇರುವ ತುದಿ ಹೊರಗಿರಲಿ, ಅದಕ್ಕೆ ಹೋಸ್ ಸಿಕ್ಕಿಸಿ ಮ್ಯಾನಿಫೋಲ್ಡ್ ಮೂಲಕ ಪಂಪಿಗೆ ಸೇರಿಸಿ. ಗಾಳಿ ಎಳೆದ ಹಾಗೆಲ್ಲ ಕಾರ್ಕ್ ತಾನೇ ಬಿಗಿಯಾಗುತ್ತದೆ. ತಾಮ್ರದ ಪೈಪಿಗೆ ಒಂದು ಅರ್ಥ್ ತಂತಿ ಕಟ್ಟೋದು ಮರೆಯಬೇಡಿ.

ಇನ್ನು ಕರೆಂಟು. ಒಳಗೆ ಲೋಹದ ಕಡ್ಡಿ ಇಟ್ಟು ಗಾಜಿಗೆ ಬೆಸೆಯೋದು ಕಷ್ಟದ ಕೆಲಸ, ಅಲ್ವಾ? ಅದೂ ಬೇಡ. ಟ್ಯೂಬಿನ ಹೊರಗೇ ತಾಮ್ರದ ಟೇಪ್ ಸುತ್ತಿ. ತಳದಲ್ಲಿ ಎರಡು ಬೆರಳಗಲ ಒಂದು, ಅಲ್ಲಿಂದ ಎಂಟು-ಹತ್ತು ಸೆಂಟಿಮೀಟರ್ ಮೇಲೆ ಇನ್ನೊಂದು. ಹಳೇ ಎಲ್‌ಸಿಡಿ ಮಾನಿಟರ್‌ನಲ್ಲಿ ಹಿಂದಿನ ತೆಳು ದೀಪ ಉರಿಸಲು ಸಿಸಿಎಫ್‌ಎಲ್ ಇನ್ವರ್ಟರ್ ಅಂತ ಒಂದು ಪುಟ್ಟ ಬೋರ್ಡ್ ಇರುತ್ತದೆ. ಬಿಡಿಯಾಗಿ ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ, 12 ವೋಲ್ಟ್‌ನಲ್ಲಿ ನಡೆಯೋದನ್ನೇ ಕೇಳಿ. ದೀಪಕ್ಕೆ ಹೋಗುವ ಅದರ ಎರಡು ತಂತಿಗಳನ್ನು ಈ ಎರಡು ಟೇಪಿಗೆ ಸೇರಿಸಿ. ಅದು ಸಾವಿರ ವೋಲ್ಟ್‌ಗೂ ಮೇಲೆ ಕೊಡುತ್ತದೆ, ಆದರೆ ಕರೆಂಟು ಕೆಲವೇ ಮಿಲಿಆಂಪ್, ಮತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಹಾಗೆ ಬದಲಿಸುವುದರಿಂದಲೇ ಗಾಜಿನ ಆಚೆಯಿಂದಲೂ ಅದು ಕೆಲಸ ಮಾಡೋದು. ಗಾಜು ಇಲ್ಲಿ ಕೆಪಾಸಿಟರ್ ಆಗಿ ಕರೆಂಟು ಮಿತಿ ಮೀರದ ಹಾಗೆ ನೋಡಿಕೊಳ್ಳುತ್ತದೆ ಕೂಡ.

ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಮಾತ್ರ ಯಾರು ಹೇಳಿದರೂ ತರಬೇಡಿ. ಅದರಿಂದ ಬರುವ ಎರಡು ಸಾವಿರ ವೋಲ್ಟ್‌ನ ಹಿಂದೆ ಅರ್ಧ ಆಂಪ್ ಇರುತ್ತದೆ, ಮುಟ್ಟಿದರೆ ಬದುಕಲ್ಲ. ಸಿಸಿಎಫ್‌ಎಲ್ ಬೋರ್ಡ್ ಕೂಡ ಆಟಿಕೆ ಅಲ್ಲ, ಚರ್ಮ ಸುಡುತ್ತದೆ. ಉರಿಯುವಾಗ ಟೇಪ್, ತಂತಿ ಮುಟ್ಟಬೇಡಿ, ಏನೇ ಸರಿಮಾಡೋದಿದ್ದರೂ 12 ವೋಲ್ಟ್ ಪ್ಲಗ್ ಕಿತ್ತ ಮೇಲೆ. ಕಣ್ಣಿಗೆ ಕನ್ನಡಕ, ಟ್ಯೂಬಿನ ಮುಂದೆ ಅಕ್ರಿಲಿಕ್ ಹಾಳೆ, ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ಶಾಲೆ ಮಕ್ಕಳಾದರೆ ಕರೆಂಟ್ ಕೆಲಸ ಬಲ್ಲ ದೊಡ್ಡವರು ಮಾಡಲಿ, ಮಕ್ಕಳು ನೋಡಲಿ.

ಹೋಸಿನಲ್ಲಿ ಹಳೇ ಗ್ಯಾಸ್, ಎಣ್ಣೆ ಉಳಿದಿರುತ್ತದೆ. ಅದಕ್ಕೇ ಕಿಟಕಿ ತೆರೆದು, ಇನ್ವರ್ಟರ್ ಹಾಕದೆ ಹತ್ತು ನಿಮಿಷ ಪಂಪ್ ಓಡಿಸಿ. ಗೇಜಿನ ಮುಳ್ಳು 30 ಇಂಚಿಗೆ (ಪಾದರಸದ ಇಂಚು) ಹೋಗಲಿಲ್ಲ, 27ರ ಹತ್ತಿರ ನಿಂತುಬಿಟ್ಟಿತು ಅಂತ ಗಾಬರಿಯಾಗಬೇಡಿ. ಪಂಪ್ ಕೆಟ್ಟಿಲ್ಲ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಅಷ್ಟು. ಸಮುದ್ರಮಟ್ಟದಲ್ಲಿ 760 ಟಾರ್ (ಒತ್ತಡದ ಅಳತೆ, ಒಂದು ಮಿಲಿಮೀಟರ್ ಪಾದರಸದಷ್ಟು) ಇದ್ದರೆ ನಮ್ಮಲ್ಲಿ 690ರ ಆಸುಪಾಸು. ಇನ್ನೊಂದು ವಿಷಯ, ಈ ಮುಳ್ಳಿಗೆ 1 ಟಾರ್‌ಗೂ 10 ಟಾರ್‌ಗೂ ವ್ಯತ್ಯಾಸ ಸರಿಯಾಗಿ ಗೊತ್ತಾಗಲ್ಲ. ಅಲ್ಲಿಂದ ಮುಂದೆ ಬೆಳಕೇ ನಿಮ್ಮ ಗೇಜ್.

ಲೈಟ್ ಆರಿಸಿ ಇನ್ವರ್ಟರ್ ಹಾಕಿ. ಒತ್ತಡ ಇನ್ನೂ ಹೆಚ್ಚಿದ್ದರೆ ಏನೂ ಕಾಣಲ್ಲ. ಒತ್ತಡ ಒಂದೆರಡು ಟಾರ್‌ಗೆ ಇಳಿಯುತ್ತಿದ್ದ ಹಾಗೆ ತೆಳ್ಳಗೆ ನೇರಳೆ ಎಳೆಯೊಂದು ಹುಟ್ಟುತ್ತದೆ, ಸ್ವಲ್ಪ ಹೊತ್ತಿಗೆ ಅದು ದಪ್ಪವಾಗಿ ಇಡೀ ಕೊಳವೆ ಗುಲಾಬಿ ತುಂಬಿಕೊಳ್ಳುತ್ತದೆ, ಟೇಪಿನ ಹತ್ತಿರ ಮಾತ್ರ ನೀಲಿ ಕಡೆಗೆ ತಿರುಗುತ್ತದೆ. ಅದು ಗಾಳಿಯಲ್ಲಿರುವ ಸಾರಜನಕದ ಬಣ್ಣ. ಅದೃಷ್ಟ ಇದ್ದರೆ ಬೆಳಕು ಪಟ್ಟೆ ಪಟ್ಟೆಯಾಗಿ ನಿಲ್ಲುತ್ತದೆ. ಇನ್ನೂ ಇಳಿಸಿದರೆ ಮಂಕಾಗುತ್ತದೆ.

ಯಾಕೆ ಹೀಗೆ? ಗಾಳಿಯಲ್ಲಿ ಎಲೆಕ್ಟ್ರಾನ್ ಓಡಬೇಕು, ವೇಗ ಹಿಡಿಯಬೇಕು, ಅಣುವಿಗೆ ಜೋರಾಗಿ ಗುದ್ದಿ ಅದರಿಂದ ಇನ್ನೊಂದು ಎಲೆಕ್ಟ್ರಾನ್ ಹೊರಡಿಸಬೇಕು. ಮಾಮೂಲಿ ಗಾಳಿಯಲ್ಲಿ ಅಣುಗಳು ಸಂತೆಯ ಜನರ ಹಾಗೆ ಕಿಕ್ಕಿರಿದಿರುತ್ತವೆ, ಓಡಲು ಜಾಗವೇ ಇಲ್ಲ. ಗಾಳಿ ತೀರಾ ಕಡಿಮೆಯಾದರೆ ಗುದ್ದಲು ಯಾರೂ ಸಿಗಲ್ಲ. ನಡುವೆ ಎಲ್ಲೋ ಒಂದು ಕಡೆ ಅತಿ ಕಡಿಮೆ ವೋಲ್ಟ್‌ನಲ್ಲಿ ಬೆಳಕು ಹತ್ತುತ್ತದೆ. ಒತ್ತಡ ಮತ್ತು ಎರಡು ತುದಿಗಳ ನಡುವಿನ ದೂರದ ಈ ಲೆಕ್ಕವನ್ನು 1889ರಲ್ಲಿ ಜರ್ಮನಿಯ ಭೌತವಿಜ್ಞಾನಿ ಪಾಶೆನ್ ಅಳೆದು ಹೇಳಿದರು.

ನಿಲ್ಲಿಸುವಾಗ ಕ್ರಮ ತಪ್ಪಬಾರದು. ಮೊದಲು ಇನ್ವರ್ಟರ್, ಆಮೇಲೆ ಪಂಪ್ ಕಡೆಯ ವಾಲ್ವ್, ಕೊನೆಗೆ ಪಂಪ್. ವಾಲ್ವ್ ತೆರೆದೇ ಪಂಪ್ ನಿಂತರೆ ಅದರ ಎಣ್ಣೆ ಹೋಸಿಗೆ ಏರಿ ಬರಬಹುದು. ಓಡುತ್ತಿರುವಾಗಲೇ ಕರೆಂಟ್ ಹೋದರೂ ಇದೇ ಗತಿ, ಹಾಗಾಗಿ ಒಂದು ಕೈ ವಾಲ್ವ್ ಹತ್ತಿರವೇ ಇರಲಿ.

ಬೇರೆ ಅನಿಲಕ್ಕೆ ಮ್ಯಾನಿಫೋಲ್ಡಿನ ಇನ್ನೊಂದು ವಾಲ್ವ್ ಇದೆಯಲ್ಲ, ಅದನ್ನು ಬಳಸಿ. ಸ್ಟೀಲ್ ಟಿಗ್ ವೆಲ್ಡಿಂಗ್ ಮಾಡುವ ವರ್ಕ್‌ಶಾಪ್‌ನಲ್ಲಿ ಆರ್ಗಾನ್ ಇರುತ್ತದೆ, ಒಂದು ಬಲೂನಿಗೆ ತುಂಬಿಸಿಕೊಂಡು ಬನ್ನಿ. ಸಿಲಿಂಡರನ್ನು ನೇರವಾಗಿ ಗಾಜಿಗೆ ಸೇರಿಸಿದರೆ ಟ್ಯೂಬ್ ಸಿಡಿಯುತ್ತದೆ. ಬಲೂನಿನಿಂದ ಸ್ವಲ್ಪ ಬಿಟ್ಟು, ಎಳೆದು, ಮತ್ತೆ ಬಿಟ್ಟು ಎಳೆದರೆ ಗುಲಾಬಿ ಹೋಗಿ ತಿಳಿ ನೇರಳೆ ಬರುತ್ತದೆ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ಬಲೂನಿಗೆ ಹಿಡಿದ ಇಂಗಾಲದ ಡೈಆಕ್ಸೈಡ್ ಬಿಳಿಚಿಕೊಂಡಂತೆ ಹೊಳೆಯುತ್ತದೆ. ಜಾತ್ರೆಯಲ್ಲಿ ಮಾರುವ ಹಾರೋ ಬಲೂನಿನ ಅನಿಲ ಮಾತ್ರ ಬೇಡ. ಅದು ಹೀಲಿಯಂ ಅಂತ ನಂಬುವ ಹಾಗಿಲ್ಲ, ಎಷ್ಟೋ ಕಡೆ ಹೈಡ್ರೋಜನ್ ತುಂಬುತ್ತಾರೆ, ಒಂದು ಕಿಡಿ ತಗುಲಿದರೂ ಹತ್ತಿಕೊಳ್ಳುತ್ತದೆ.

ಪ್ರತಿ ಬಣ್ಣವನ್ನೂ ಒಂದು ಹಳೇ ಸಿಡಿಯಲ್ಲಿ ಓರೆಯಾಗಿ ಪ್ರತಿಫಲಿಸಿ ನೋಡಿ. ಗಾಳಿಯದು ಅಗಲ ಪಟ್ಟಿಗಳಾಗಿ ಒಡೆಯುತ್ತದೆ, ಆರ್ಗಾನಿನದು ಬಿಡಿ ಬಿಡಿ ಗೆರೆ. ಟ್ಯೂಬಿನ ಮುಂದೆ ಕಪ್ಪು ಕಾಗದ ಇಟ್ಟು, ಅದರಲ್ಲಿ ಬ್ಲೇಡಿನಿಂದ ಸಣ್ಣ ಸೀಳು ಮಾಡಿದರೆ ಗೆರೆಗಳು ಇನ್ನೂ ಚೊಕ್ಕವಾಗಿ ಕಾಣುತ್ತವೆ.