600 ಜನಕ್ಕೆ ಶ್ರೀರಾಮನವಮಿ ಪಾನಕ: ಹೈದರಾಬಾದಿನಲ್ಲಿ ನನ್ನ ಅನುಭವ

"ಪಾನಕಂ ಪೊಯ್ಯಿ ಮೀದ ಪೆಡತಾರಾ ಎವರೈನಾ?"

ಪಾನಕವನ್ನು ಯಾರಾದರೂ ಒಲೆ ಮೇಲೆ ಇಡ್ತಾರಾ ಅಂತ. ನಮ್ಮ ಗಲ್ಲಿಯ ಉತ್ಸವ ಕಮಿಟಿಯ ಪೆದ್ದಾಯನ, ಅಂದರೆ ಹಿರಿಯರು, ಈ ಮಾತನ್ನು ನನಗೆ ಮೂರು ವರ್ಷ ಬಿಡದೆ ಹೇಳಿದರು. ಇಡ್ತಾರೆ. ನಾನು ಇಟ್ಟೆ. 2025ರ ಏಪ್ರಿಲ್ 6, ಭಾನುವಾರ, ಹತ್ತಿರ ಹತ್ತಿರ 600 ಜನ ಕುಡಿದರು. ಬೆಚ್ಚಗಿದೆ, ನೀರಾಗಿದೆ, ಹುಳಿಯಾಗಿದೆ ಅಂತ ಒಬ್ಬರೂ ಅನ್ನಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೀತಿದ್ದೇನೆ.

ನಾನು ರಾಯಚೂರಿನವನು. ಹೈದರಾಬಾದಿಗೆ ಬಂದು 20 ವರ್ಷದ ಮೇಲಾಯಿತು. ಕಾಚಿಗುಡದ ಸುತ್ತಮುತ್ತ ಕನ್ನಡದವರು ಮೊದಲಿಂದಲೂ ಇದ್ದಾರೆ. ಆದರೆ ನಮ್ಮ ಗಲ್ಲಿಯ ರಾಮನವಮಿ ಪೂರ್ತಿ ತೆಲುಗು ಪದ್ಧತಿಯದು. ಪಾನಕ ಮಾಡೋದು ಹೇಗೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆಲ್ಲ, ನೀರು, ಮೆಣಸು, ಏಲಕ್ಕಿ, ಒಣಶುಂಠಿ. ಮನೆಯಲ್ಲಿ ಹತ್ತು ಜನಕ್ಕೆ ಮಕ್ಕಳೂ ಮಾಡ್ತಾರೆ. 600 ಜನಕ್ಕೆ, ಏಪ್ರಿಲ್ ಬಿಸಿಲಲ್ಲಿ, ಮಧ್ಯಾಹ್ನ ಒಂದು ಗಂಟೆಗೆ ಮಾಡಿ ನೋಡಿ, ಆಗ ಗೊತ್ತಾಗುತ್ತೆ.

ನಾನು ಮೊದಲ ವರ್ಷ ಸೋತದ್ದು ಒಂದೇ ಕಾರಣಕ್ಕೆ. ಇಲ್ಲಿನ ಹಬ್ಬದ ಗಡಿಯಾರ ನನಗೆ ತಿಳಿದಿರಲಿಲ್ಲ. ನಮ್ಮ ಊರಲ್ಲಿ ರಾಮ ಹುಟ್ಟಿದ ಅಂತ ಮಧ್ಯಾಹ್ನ ತೊಟ್ಟಿಲು ತೂಗ್ತೀವಿ. ಪಾನಕ, ಕೋಸಂಬರಿ ಸಂಜೆವರೆಗೂ ನಡೆಯುತ್ತೆ. ಜನ ಬರ್ತಾರೆ, ಕುಡೀತಾರೆ, ಹೋಗ್ತಾರೆ. ತೆಲುಗರಲ್ಲಿ ಹಾಗಲ್ಲ. ರಾಮ ಹುಟ್ಟಿದ ದಿನವೇ ಅವನಿಗೆ ಮದುವೆ! ಸೀತಾರಾಮ ಕಲ್ಯಾಣವೇ ಅವರಿಗೆ ಹಬ್ಬ. ಭದ್ರಾಚಲದ ರಾಮನ ಗುಡಿಯಲ್ಲಿ ಅಭಿಜಿತ್ ಲಗ್ನಕ್ಕೆ, ಅಂದರೆ ಸರಿಯಾಗಿ ನಡುಮಧ್ಯಾಹ್ನಕ್ಕೆ, ಕಲ್ಯಾಣ ನಡೆಯುತ್ತೆ. ಸರ್ಕಾರದಿಂದ ಪಟ್ಟೆವಸ್ತ್ರ, ಮುತ್ತಿನ ತಲಂಬ್ರಾಲು (ವಧೂವರರ ತಲೆ ಮೇಲೆ ಸುರಿಯೋ ಅಕ್ಕಿ) ಹೋಗುತ್ತೆ. ಗೋಲ್ಕೊಂಡದ ಸುಲ್ತಾನ ತಾನಿಷಾ ಕಾಲದಿಂದ ಬಂದ ಪದ್ಧತಿ ಅದು ಅಂತಾರೆ. ಅದೇ ಹೊತ್ತಿಗೆ ಹೈದರಾಬಾದಿನ ಗಲ್ಲಿಗಲ್ಲಿಯ ಪಂದಿರಿಯಲ್ಲೂ, ಅಂದರೆ ಚಪ್ಪರದಲ್ಲೂ, ಕಲ್ಯಾಣ. ನಮ್ಮ ಪುರೋಹಿತರಂತೂ ಒಂದು ಕಣ್ಣು ಟೀವಿಯ ಭದ್ರಾಚಲದ ಮೇಲೇ ಇಟ್ಟಿರ್ತಾರೆ.

ಹೀಗಾಗಿ ಏನಾಗುತ್ತೆ ಅಂದರೆ, ಬೆಳಿಗ್ಗೆ ಒಬ್ಬರೂ ಪಾನಕ ಮುಟ್ಟಲ್ಲ. ಅರ್ಧ ಜನ ಉಪವಾಸ. ತಲಂಬ್ರಾಲು ಬೀಳೋವರೆಗೆ ಯಾರೂ ಕೂತಲ್ಲಿಂದ ಏಳಲ್ಲ. ಆಮೇಲೆ 12.45ಕ್ಕೆ ಎಲ್ಲರೂ ಒಟ್ಟಿಗೆ ಏಳ್ತಾರೆ. 25 ನಿಮಿಷದಲ್ಲಿ ಆಟ ಮುಗಿಯಿತು.

2022ರಲ್ಲಿ ನಾನು ಊರಿನ ರೂಢಿಯಲ್ಲೇ ಬೆಳಿಗ್ಗೆ 8ಕ್ಕೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿಟ್ಟೆ. ಮೇಲೆ ಎರಡು ಐಸ್ ಗಡ್ಡೆ. ಹತ್ತು ಗಂಟೆಗೆ ಅಮೃತದ ಹಾಗಿತ್ತು, ಕುಡಿಯೋರೇ ಇರಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ಐಸ್ ಕರಗಿ ನೀರಾಗಿ, ಆ ನೀರೂ ಕಾದು, ಮೇಲೆ ಬಿಳಿ ನೊರೆ. ಬೆಲ್ಲ ಕೂಡ ಮಾರುಕಟ್ಟೆಯಲ್ಲಿ ಹೊಳೆಯೋ ಹಳದಿ ಬಣ್ಣ ನೋಡಿ ತಂದಿದ್ದೆ. ತಳದಲ್ಲಿ ಎರಡು ಹಿಡಿ ಮರಳು ಉಳಿಯಿತು. ಅರ್ಧ ಡ್ರಮ್ ಮೋರಿಗೆ. ಕಮಿಟಿ ಕೊಟ್ಟಿದ್ದು 8,000. ಮರುದಿನ ಪಟ್ಟಾಭಿಷೇಕಕ್ಕೆ ಬೇರೆ ಬೆಲ್ಲ ತಂದು ಮಾಡಿ ಕೈಯಿಂದ 3,000 ಕಳೆದುಕೊಂಡೆ. ಮನೆಯಲ್ಲಿ ಇವಳು ಎರಡು ದಿನ ಮಾತಾಡಲಿಲ್ಲ.

2023. ಮಾರ್ಚ್ 30ಕ್ಕೇ ಬಂದಿತ್ತು, ಬಿಸಿಲು ಅಷ್ಟಿರಲಿಲ್ಲ. "ಗಡಿಗೆಯಲ್ಲಿ ಇಡು, ಅದೇ ಸಂಪ್ರದಾಯ" ಅಂದರು ಎಲ್ಲರೂ. ಸರಿ ಅಂತ ಎಂಟು ಹೊಸ ಗಡಿಗೆ ತಂದು, ಹಿಂದಿನ ರಾತ್ರಿಯೇ ಪಾನಕ ಕಲಸಿ ತುಂಬಿಟ್ಟೆ. ಬೆಳಿಗ್ಗೆ ಹೋಗಿ ನೋಡಿದರೆ ಗಡಿಗೆಗಳು ಕಪ್ಪಗಿವೆ. ಹತ್ತಿರ ಹೋದೆ, ಕಪ್ಪು ಅಲ್ಲಾಡ್ತಿದೆ. ಇರುವೆ! ಮಣ್ಣಿನ ಗಡಿಗೆ ಬೆವರುತ್ತೆ ಅಲ್ವಾ? ಒಳಗೆ ಸಿಹಿ ಇದ್ದರೆ ಬೆವರೂ ಸಿಹಿ. ಹೊರಮೈಯೆಲ್ಲ ಅಂಟು, ಅದರ ಮೇಲೆ ಊರಿನ ಇರುವೆಯೆಲ್ಲ. ಮುಚ್ಚಳ ತೆಗೆದರೆ ಇನ್ನೊಂದು ಕಥೆ. ಎರಡು ಗಡಿಗೆಯಲ್ಲಿ ಸಣ್ಣಗೆ ಗುಳ್ಳೆ ಏಳ್ತಿತ್ತು, ವಾಸನೆ ಸೇಂದಿಯದು. ರಾಮನ ಪಾನಕವನ್ನು ಕಲ್ಲು ಮಾಡಿದ ಅಂತ ಗಲ್ಲಿ ಹುಡುಗರು ಆರು ತಿಂಗಳು ಆಡಿಕೊಂಡರು. ತೆಲುಗಿನಲ್ಲಿ ಸೇಂದಿಗೆ ಕಲ್ಲು ಅಂತಾರೆ. ರಾಯಚೂರಿನವನಿಗೆ ಬೇರೆ ಏನು ಬರುತ್ತೆ ಅಂತಲೂ ಒಬ್ಬರು ಅಂದರು. ಅದು ಚುಚ್ಚಿತು.

ಆಂಧ್ರದ ಮಂಗಳಗಿರಿಯಲ್ಲಿ ಪಾನಕಾಲ ನರಸಿಂಹಸ್ವಾಮಿಗೆ ವರ್ಷವಿಡೀ ಬಾಯಿಗೆ ಪಾನಕ ಹೊಯ್ತಾರೆ, ಅರ್ಧ ಸ್ವಾಮಿಗೆ, ಅರ್ಧ ಭಕ್ತರಿಗೆ. ಅಷ್ಟು ಬೆಲ್ಲದ ನೀರಿದ್ದರೂ ಅಲ್ಲಿ ಇರುವೆ ಸುಳಿಯಲ್ಲ ಅಂತ ಹೇಳ್ತಾರೆ. ನನಗೆ ಆ ಯೋಗ ಇಲ್ಲ. ನನ್ನ ಗಡಿಗೆಗೆ ಬಂದೇ ಬರ್ತವೆ.

ಆ ದಿನ ಇರುವೆ ಒರೆಸುತ್ತಾ ಕೂತಾಗಲೇ ದಾರಿ ಹೊಳೆದದ್ದು. ಗಡಿಗೆಯಲ್ಲಿ ನೀರು ಮಾತ್ರ ಇರಬೇಕು, ಪಾನಕ ಅಲ್ಲ. ಬೆಲ್ಲ ಬೇರೆ, ನೀರು ಬೇರೆ. ಎರಡೂ ಸೇರಬೇಕಾದ್ದು ಕೊನೆಯ ಹತ್ತು ನಿಮಿಷದಲ್ಲಿ. ತೆಳ್ಳಗಿನ ಬೆಲ್ಲದ ನೀರು ಬಿಸಿಲಿಗೆ ಬೇಗ ಹುಳಿಯುತ್ತೆ, ಗಟ್ಟಿ ಪಾಕ ಹುಳಿಯಲ್ಲ. ಪಾಕ ಆಗಬೇಕು ಅಂದರೆ ಒಲೆ ಬೇಕು. ಪೆದ್ದಾಯನ ಬೇಡ ಅಂದದ್ದೇ ಇದಕ್ಕೆ. ಪಾನಕ ಹಸಿಯಾಗಿಯೇ ಇರಬೇಕು, ಒಲೆ ಕಂಡರೆ ಮಡಿ ಹೋಯಿತು ಅನ್ನೋದು ಅವರ ವಾದ. ಪುರೋಹಿತರನ್ನು ಕೇಳಿದೆ. ಅವರು ನಕ್ಕು, "ಬೆಲ್ಲ ಏನು ಗಿಡದಲ್ಲಿ ಬಿಡುತ್ತಾ? ಅದೂ ಕೊಪ್ಪರಿಗೆಯಲ್ಲಿ ಕುದ್ದೇ ಬಂದದ್ದು" ಅಂದರು. ಪೆದ್ದಾಯನ ಅದನ್ನೂ ಒಪ್ಪಲಿಲ್ಲ.

2024ರಲ್ಲಿ ಕಮಿಟಿಯವರು ಪಾನಕದ ಕೆಲಸ ನನ್ನಿಂದ ಕಿತ್ತು ಒಬ್ಬ ಅಡುಗೆ ಕಂಟ್ರಾಕ್ಟರಿಗೆ ಕೊಟ್ಟರು. ನಾನು ಸುಮ್ನೆ ಮನೆಯಲ್ಲಿ ಆರು ಕಿಲೋ ಬೆಲ್ಲದ ಪಾಕ ಮಾಡಿ ಒಯ್ದೆ, ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡೆ. ಏಪ್ರಿಲ್ 17, ಬಿಸಿಲು ಉರೀತಿತ್ತು. ಕಂಟ್ರಾಕ್ಟರ್ ಹುಡುಗರು ಪಚ್ಚಕರ್ಪೂರವನ್ನು ಹಿಡಿಗಟ್ಟಲೆ ಹಾಕಿಬಿಟ್ಟಿದ್ದರು. ನೆಗಡಿ ಮುಲಾಮು ಕಲಸಿ ಕುಡಿದ ಹಾಗಿತ್ತು. ನನ್ನ 35 ಲೀಟರ್ 10 ನಿಮಿಷದಲ್ಲಿ ಖಾಲಿ. ಕರ್ಪೂರದ ವಿಷಯದಲ್ಲಿ ಎಚ್ಚರ ಇರಲಿ. 40 ಲೀಟರಿಗೆ ಒಂದು ಕಡಲೆಕಾಳಿನಷ್ಟು ಸಾಕು, ಅದೂ ತಿನ್ನುವ ಪಚ್ಚಕರ್ಪೂರವೇ ಆಗಬೇಕು. ಆರತಿ ಕರ್ಪೂರವನ್ನು ಯಾರೂ ಬಾಯಿಗೆ ಹಾಕಬಾರದು.

ಇನ್ನು 2025ರ ಲೆಕ್ಕ. ಎಲ್ಲ ನೆನಪಿನಿಂದ ಹೇಳ್ತಿದ್ದೇನೆ, ಅಲ್ಲಿ ಇಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಮ್ಮಿ ಇರಬಹುದು. ಬೇಗಂ ಬಜಾರಿನಿಂದ ಕಪ್ಪು ಬೆಲ್ಲ 30 ಕಿಲೋ, ಕಿಲೋಗೆ 60. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ನೋಡಲು ಚೆನ್ನಾಗಿರಲ್ಲ, ಪಾನಕ ಚಹಾ ಬಣ್ಣಕ್ಕೆ ಬರುತ್ತೆ. ಆದರೆ ಆ ಹಳದಿ ಬೆಲ್ಲದ ಸಪ್ಪೆ ಉಪ್ಪುರುಚಿ ಇದರಲ್ಲಿಲ್ಲ. ಶನಿವಾರ ಸಂಜೆ 15 ಲೀಟರ್ ನೀರಿಗೆ ಅಷ್ಟೂ ಬೆಲ್ಲ ಹಾಕಿ, ಕರಗಿ ಒಂದು ಕುದಿ ಬಂದ ಕೂಡಲೇ ಇಳಿಸಿದೆ. ಎಳೆ ಪಾಕ ಬೇಕಾಗಿಲ್ಲ. ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಮರಳು, ಕಬ್ಬಿನ ನಾರು, ಗೋಣಿ ದಾರ, ಒಂದು ಸತ್ತ ಜೇನುನೊಣ ಎಲ್ಲ ಬಟ್ಟೆಯಲ್ಲಿ ಉಳಿದವು. ಆ ಬಟ್ಟೆಯನ್ನು ಪೆದ್ದಾಯನಿಗೆ ಒಯ್ದು ತೋರಿಸಿದೆ. "ಇಷ್ಟು ವರ್ಷ ಇದನ್ನೇ ಕುಡಿದಿದ್ದೀರಿ" ಅಂದೆ. ಸ್ವಲ್ಪ ಜಾಸ್ತಿಯೇ ಅಂದೆನೇನೋ. ಅವರು ಎದ್ದು ಒಳಗೆ ಹೋದರು.

ಪಾಕ 33-34 ಲೀಟರ್ ಆಯಿತು. ಒಂದು ಪಾಲು ಪಾಕಕ್ಕೆ ನಾಲ್ಕು ಪಾಲು ನೀರು. 40 ಲೀಟರಿನ ಸ್ಟೀಲ್ ಕೊಳಗಕ್ಕೆ 8 ಲೀಟರ್ ಪಾಕ, 32 ಲೀಟರ್ ತಣ್ಣೀರು. ಹೀಗೆ ನಾಲ್ಕು ಕೊಳಗ.

ನೀರಿಗೆ 12 ಗಡಿಗೆ, ಒಂದಕ್ಕೆ 180 ರೂಪಾಯಿ. ಮೂರು ದಿನ ಮೊದಲೇ ನೆನೆಹಾಕಿ ಮಣ್ಣಿನ ವಾಸನೆ ಬಿಡಿಸಿದ್ದೆ. ಶನಿವಾರ ರಾತ್ರಿ ಕ್ಯಾನ್ ನೀರು ತುಂಬಿ, ಒದ್ದೆ ಮರಳಿನ ಮೇಲೆ ಕೂರಿಸಿ, ಒದ್ದೆ ಗೋಣಿ ಸುತ್ತಿದೆ. ಗಾಳಿಯಾಡೋ ಕಡೆ ಇಡಬೇಕು, ಕೋಣೆಯೊಳಗೆ ಇಟ್ಟರೆ ದಂಡ. ಮಗಳ ಕೈಲಿ ಥರ್ಮಾಮೀಟರ್ ಹಾಕಿಸಿ ನೋಡಿದೆ. ಮಧ್ಯಾಹ್ನ ಹೊರಗೆ 38 ಇದ್ದಾಗ ಗೋಣಿ ಸುತ್ತದ ಗಡಿಗೆ 27, ಸುತ್ತಿದ್ದು 24ರ ಹತ್ತಿರ. ಹೈದರಾಬಾದಿನದು ಒಣ ಬಿಸಿಲು, ಅದಕ್ಕೇ ಇದು ನಡೆಯುತ್ತೆ. ವಿಜಯವಾಡದ ಸೆಕೆಯಲ್ಲಿ ನೀರು ಇಷ್ಟು ತಣ್ಣಗಾಗಲ್ಲ. ಅಲ್ಲಿನವರು ನನ್ನನ್ನು ನಂಬಿ ಕೆಡಬೇಡಿ.

ಮೆಣಸಿನದು ದೊಡ್ಡ ತಲೆನೋವು. ಪುಡಿ ಹಾಕಿದರೆ ತಳಕ್ಕೆ ಕೂರುತ್ತೆ. ಮೊದಲ ಲೋಟ ಸಪ್ಪೆ, ಕೊನೆಯ ಲೋಟ ಕುಡಿದವನಿಗೆ ಕೆಮ್ಮು. ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟೆ, ತಣ್ಣೀರಿಗೆ ಖಾರವೇ ಬಿಡಲಿಲ್ಲ. ಈಗ ಕುಟ್ಟಿದ ಮೆಣಸು, ಶುಂಠಿಯನ್ನು ಬೆಳಿಗ್ಗೆ ಬಿಸಿನೀರಲ್ಲಿ ನೆನೆಸಿ, ಆ ಕಷಾಯವನ್ನು ಅಳೆದು ಹಾಕ್ತೇನೆ. ಅದರ ಜೊತೆ ಇನ್ನೊಂದು ವಸ್ತು ಒಂದು ಚಿಟಿಕೆ ಬೀಳುತ್ತೆ. ಅದು ನಮ್ಮ ಅತ್ತೆ ಹೇಳಿಕೊಟ್ಟದ್ದು, ಅವರ ಅಪ್ಪಣೆ ಇಲ್ಲದೆ ಬರೆಯೋ ಹಾಗಿಲ್ಲ.

ಕಲಸೋದಕ್ಕೆ ಗಡಿಯಾರ ನೋಡಲ್ಲ, ಕಲ್ಯಾಣ ನೋಡ್ತೇನೆ. ನೈವೇದ್ಯದ ಒಂದು ಚೆಂಬು ಮೊದಲೇ ಬೇರೆ ಹೋಗಿರುತ್ತೆ. ಸೀತಾರಾಮರ ತಲೆ ಮೇಲೆ ಜೀಲಕರ್ರ-ಬೆಲ್ಲ (ಜೀರಿಗೆ-ಬೆಲ್ಲ) ಇಟ್ಟಾಗ ಕೊಳಗಕ್ಕೆ ಪಾಕ ಸುರೀತೇನೆ. ಮಾಂಗಲ್ಯ ಕಟ್ಟುವಾಗ ಗಡಿಗೆ ನೀರು. ತಲಂಬ್ರಾಲು ಶುರುವಾದರೆ ಕಷಾಯ, ಏಲಕ್ಕಿ, ತುಳಸಿ ಹಾಕಿ ಸೌಟು ಆಡಿಸೋದು. ಜನ ಏಳುವಷ್ಟರಲ್ಲಿ ಎರಡು ಕೊಳಗ ತಯಾರು. ಅವರು ಅದನ್ನು ಕುಡಿಯುವಾಗ ಇನ್ನೆರಡು.

ವಡಪಪ್ಪು, ಅಂದರೆ ನೆನೆಸಿದ ಹೆಸರುಬೇಳೆಯ ಪ್ರಸಾದ, ಅದರದೂ ಇದೇ ಗೋಳು. ವಡದೆಬ್ಬ (ಬಿಸಿಲಿನ ಹೊಡೆತ) ಹೊಡೆಯದಿರಲಿ ಅಂತ ತಿನ್ನೋದು, ಅದೇ ಬಿಸಿಲಿಗೆ ಮೊದಲು ಕೆಡೋದು. 2023ರಲ್ಲಿ ರಾತ್ರಿ ನೆನೆಸಿದ ಹೆಸರುಬೇಳೆ ಬೆಳಿಗ್ಗೆ ಲೋಳೆ ಲೋಳೆ. ಈಗ 20 ಕಿಲೋ ಬೇಳೆಯನ್ನು ಒಂಬತ್ತೂವರೆಗೆ ನೆನೆಸಿ, ಹನ್ನೊಂದೂವರೆಗೆ ಬಸಿದು, ಬಿಳಿ ಪಂಚೆ ಮೇಲೆ ಹರಡ್ತೇನೆ. ಎರಡು ಗಂಟೆ ಸಾಕು. ಮಾವಿನಕಾಯಿ, ತೆಂಗಿನತುರಿ ಹನ್ನೆರಡೂಕಾಲಿಗೆ. ಉಪ್ಪು ಬಡಿಸುವ ಹೊತ್ತಿಗೆ ಮಾತ್ರ, ಮೊದಲೇ ಹಾಕಿದರೆ ನೀರು ಬಿಡುತ್ತೆ. ಒಂದು ವರ್ಷ ನಾನು ಅಭ್ಯಾಸಬಲದಿಂದ ಸಾಸಿವೆ, ಇಂಗಿನ ಒಗ್ಗರಣೆ ಹಾಕಿಬಿಟ್ಟಿದ್ದೆ. ಎದುರುಮನೆ ಬಾಮ್ಮಗಾರು, ಅಂದರೆ ಅಜ್ಜಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, "ಕೋಸಂಬರಿ ಬಾಗುಂದಿ ನಾಯನಾ, ಮರಿ ವಡಪಪ್ಪು ಏದಿ?" ಅಂದರು. ಕೋಸಂಬರಿ ಚೆನ್ನಾಗಿದೆ ಮಗನೇ, ವಡಪಪ್ಪು ಎಲ್ಲಿ ಅಂತ.

ಬೇಲದ ಹಣ್ಣಿನ ಪಾನಕವನ್ನೂ ಒಂದು ಕೈ ನೋಡಿದೆ. ನಮ್ಮ ಕಡೆ ರಾಮನವಮಿಗೆ ಅದಿಲ್ಲದೆ ಆಗಲ್ಲ. 15 ಲೀಟರ್ ಮಾಡಿದ್ದರಲ್ಲಿ ಗಲ್ಲಿಯ ಮೂರು ಕನ್ನಡ ಮನೆಯವರು ಕುಡಿದರು, ಮಿಕ್ಕಿದ್ದನ್ನು ನಾನು ಕುಡಿದೆ. ನಿಂಬೆಹುಳಿ ಹಿಂಡಿದ ಕೊಡಕ್ಕೆ "ಇದಿ ಪಾನಕಮಾ, ಷರ್ಬತಾ?" ಅಂದರು. ತಲಂಬ್ರಾಲಿಗೆ ಭದ್ರಾಚಲದ ಹಾಗೆ ಕೆಂಪು ಬರಲಿ ಅಂತ ಅಕ್ಕಿಗೆ ಗುಲಾಲು ಬೆರೆಸಿದ್ದೂ ಆಯಿತು. ಕಮಿಟಿಯವರ ಬಿಳಿ ಅಂಗಿಗಳ ಗತಿ ಏನಾಯಿತು ಅಂತ ಹೇಳೋದು ಬೇಡ. ಈಗ ಅರಿಶಿನ, ತುಪ್ಪ, ಅಷ್ಟೇ.

ಒಟ್ಟು ಖರ್ಚು 10,000ದ ಹತ್ತಿರ ಬಂತು. ಬೆಲ್ಲ 1,800, ಬೇಳೆ 2,300, ಗಡಿಗೆ 2,100 ಚಿಲ್ಲರೆ, ಎಲೆ ದೊನ್ನೆ 1,100, ಏಲಕ್ಕಿ-ಮೆಣಸು ಸೇರಿ 750. ಉಳಿದದ್ದು ಕಾಯಿ, ಮಾವು, ನೀರು, ಒಬ್ಬ ಹುಡುಗನ ಕೂಲಿ. ಕಂಟ್ರಾಕ್ಟರ್ ಹಿಂದಿನ ವರ್ಷ ತೆಗೆದುಕೊಂಡದ್ದು 16,000. ಗಡಿಗೆಯಲ್ಲಿ ಬರೀ ನೀರಿದ್ದರಿಂದ ಒಂದೂ ಕೆಡಲಿಲ್ಲ, ಮುಂದಿನ ವರ್ಷಕ್ಕೂ ಆಗುತ್ತೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ನಾಲ್ಕನೇ ಕೊಳಗ ತಳ ಕಾಣ್ತಿತ್ತು. ಪೆದ್ದಾಯನ ಅಷ್ಟು ಹೊತ್ತೂ ಪಂದಿರಿಯ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದ್ದು ಬಂದರು. ಕೈಯಲ್ಲಿ ಎರಡು ಲೀಟರಿನ ಸ್ಟೀಲ್ ಕ್ಯಾನು. ನಾನು ಸೌಟು ಹಿಡಿದುಕೊಂಡೇ, "ಪೆದ್ದಾಯನಾ, ಇದು ಪೊಯ್ಯಿ ಮೇಲೆ ಇಟ್ಟ ಪಾನಕ" ಅಂದೆ. ತೆಲುಗಿನಲ್ಲಿ ಪೊಯ್ಯಿ ಅಂದರೆ ಒಲೆ. ನಮ್ಮ 'ಹೊಯ್ಯಿ' ಅನ್ನೋದಕ್ಕೂ ಅವರು ಪೊಯ್ಯಿ ಅಂತಲೇ ಅಂತಾರೆ. ಅವರು ಕ್ಯಾನಿನ ಮುಚ್ಚಳ ತೆಗೆದು ಮುಂದೆ ಚಾಚಿದರು.

"ಆ ಪೊಯ್ಯಿ ಸಂಗತಿ ತರ್ವಾತ ಚೂದ್ದಾಂ. ಮುಂದು ನುವ್ವು ಪೊಯ್ಯಿ."

ಆ ಒಲೆ ವಿಷಯ ಆಮೇಲೆ ನೋಡೋಣ, ಮೊದಲು ನೀನು ಹೊಯ್ಯಿ ಅಂತ.