ಕಣ್ಣು ಕಟ್ಟಿದ ಮೇಲೆ ಕಡ್ಡಿಗೆ ನೀರು ಕಾಣಲಿಲ್ಲ

ನಮ್ಮ ಶಿರಾ ಕಡೆ ಬೋರ್ ಕೊರೆಸೋದು ಅಂದ್ರೆ ಜೂಜು. ನಮ್ಮ ಹೊಲದಲ್ಲೇ ಎರಡು ಫೇಲ್ ಆಗಿದ್ದವು. ಎರಡಕ್ಕೂ ಪಾಯಿಂಟ್ ಮಾಡಿಸಿದ್ದೆವು, ಅಂದ್ರೆ ನೀರು ನೋಡುವವರನ್ನು ಕರೆಸಿ ಜಾಗ ಗುರುತು ಹಾಕಿಸಿದ್ದೆವು. ಒಬ್ಬರು ಬೇವಿನ ಕವೆಕಡ್ಡಿ ಹಿಡಿದು ಬಂದಿದ್ದರು, ಇನ್ನೊಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು. ಕಾಯಿ ಎದ್ದು ನಿಂತ ಜಾಗದಲ್ಲಿ 620 ಅಡಿ ಇಳಿಸಿದೆವು. ಬಂದದ್ದು ಬರೀ ಕಲ್ಲಿನ ಪುಡಿ. ಮೂರನೇ ಸಲ ನಾನೇ ನೋಡೋಣ ಅನ್ನಿಸಿತು.

ಮೊದಲು ಬೇವಿನ ಕವೆ ಕಡಿದೆ. ಹಸಿ ಕಡ್ಡಿಯೇ ಬೇಕು, ಒಣಗಿದ್ದು ಮುರಿಯುತ್ತದೆ. ಅಂಗೈ ಮೇಲ್ಮುಖ ಮಾಡಿ ಎರಡು ಕವಲನ್ನೂ ಹೊರಕ್ಕೆ ಎಳೆದು ಹಿಡಿಯಬೇಕು. ಆಗ ಕಡ್ಡಿ ಬಿಲ್ಲಿನ ಹಾಗೆ ಬಿಗಿಯುತ್ತದೆ. ಮಣಿಕಟ್ಟು ಕೂದಲೆಳೆಯಷ್ಟು ತಿರುಗಿದರೂ ಸಾಕು, ತುದಿ ಸರಕ್ಕನೆ ಕೆಳಗೆ ಬೀಳುತ್ತದೆ. ಹಿಡಿದವರಿಗೆ ಯಾರೋ ಎಳೆದ ಹಾಗೇ ಅನ್ನಿಸುತ್ತದೆ. ಮೊದಲ ಸಲ ನನಗೂ ಮೈ ಜುಮ್ಮೆಂದಿತ್ತು.

ಆಮೇಲೆ ಅರ್ಥಿಂಗಿಗೆ ತಂದು ಉಳಿದಿದ್ದ ದಪ್ಪ ತಾಮ್ರದ ತಂತಿ ತೆಗೆದುಕೊಂಡೆ. ಎರಡು ಅಡಿಯ ಎರಡು ತುಂಡು. ಅರ್ಧ ಅಡಿಗೆ ಮೂಲೆಮಟ್ಟದ ಹಾಗೆ ಬಗ್ಗಿಸಿ, ಹಿಡಿಗೆ ಖಾಲಿ ಬಾಲ್‌ಪೆನ್ನಿನ ಕೊಳವೆ ತೊಡಿಸಿದೆ. ಮೊಣಕೈ ಪಕ್ಕೆಗೆ ಒತ್ತಿ, ತುದಿ ಸ್ವಲ್ಪವೇ ತಗ್ಗಿಸಿ ನಿಧಾನ ನಡೆಯಬೇಕು. ಹಳೇ ಬಾವಿಯ ಹತ್ತಿರ ಹೋದೆ, ತಂತಿ ಎರಡೂ ಕತ್ತರಿ ಹಾಕಿದವು! ಹಳ್ಳದ ಬದುವಿನಲ್ಲೂ ಅಷ್ಟೇ, ಹುಣಸೆಮರದ ಕೆಳಗೂ ಅಷ್ಟೇ.

ಆಮೇಲೆ ಅನುಮಾನ ಬಂತು. ಈ ಮೂರೂ ನೀರಿರಬಹುದು ಅಂತ ನಾನು ಮೊದಲೇ ಅಂದುಕೊಂಡಿದ್ದ ಜಾಗಗಳೇ ಅಲ್ವಾ?

ತಮ್ಮನಿಗೆ ಅಂಗಳದಲ್ಲಿ ಐದು ಮಂಕರಿ ಬೋರಲು ಹಾಕಲು ಹೇಳಿದೆ. ಒಂದರಡಿ ನೀರು ತುಂಬಿದ ಬಿಂದಿಗೆ. ಯಾವುದರಡಿ ಅಂತ ಗೊತ್ತಿದ್ದಾಗ ತಂತಿ ಒಂದು ಸಲವೂ ತಪ್ಪಲಿಲ್ಲ. ಆಮೇಲೆ ನಾನು ಕಣ್ಣಿಗೆ ಟವಲ್ ಕಟ್ಟಿಕೊಂಡು ಒಳಗೆ ಕೂತೆ. ಅವನು ಬಿಂದಿಗೆ ಬದಲಾಯಿಸಿ ಹಿತ್ತಿಲಿಗೆ ಹೋಗಬೇಕು, ನಾನು ಹೊರಗೆ ಬಂದು ಹುಡುಕಬೇಕು. ಇಪ್ಪತ್ತು ಸಲ ಮಾಡಿದೆವು. ಸರಿಯಾದದ್ದು ಐದು. ಸುಮ್ನೆ ಬೆರಳು ತೋರಿಸಿದ್ದರೂ ನಾಲ್ಕು ಸಿಗುತ್ತಿತ್ತು. ಜರ್ಮನಿಯ ಕಾಸೆಲ್‌ನಲ್ಲಿ 1990ರಲ್ಲಿ ಅನುಭವಸ್ಥ ಜಲಶೋಧಕರನ್ನೇ ಕರೆಸಿ, ನೆಲದಡಿಯ ಪೈಪಿನಲ್ಲಿ ನೀರು ಹರಿಸಿ, ನಿಲ್ಲಿಸಿ ಪರೀಕ್ಷೆ ಮಾಡಿದ್ದರು. ಅವರ ಕಥೆಯೂ ಇದೇ. ಅಲ್ಲೂ ಯಾರೂ ಮೋಸ ಮಾಡುತ್ತಿರಲಿಲ್ಲ. ಮನಸ್ಸು ಕಾಯುತ್ತಿರುತ್ತದೆ, ಕೈ ತನಗೇ ಗೊತ್ತಿಲ್ಲದೆ ಅಲುಗುತ್ತದೆ.

ಕೊನೆಗೆ ಮೀಟರ್ ಹಿಡಿದು ಸರ್ವೆ ಮಾಡುವವರನ್ನು ಕರೆಸಿದೆ. ಸಾಲಾಗಿ ನಾಲ್ಕು ಕಬ್ಬಿಣದ ಗೂಟ ಹೊಡೆದು, ಹೊರಗಿನ ಎರಡಕ್ಕೆ ಬ್ಯಾಟರಿ ಕರೆಂಟು ಕೊಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಗಟ್ಟಿ ಒಣ ಬಂಡೆ ಕರೆಂಟು ಬಿಡುವುದಿಲ್ಲ, ಬಿರುಕಿನಲ್ಲಿ ನೀರಿದ್ದರೆ ಸ್ವಲ್ಪ ಬಿಡುತ್ತದೆ. ಗೂಟ ದೂರ ದೂರ ಸರಿಸಿದಷ್ಟೂ ಆಳದ ಲೆಕ್ಕ ಸಿಗುತ್ತದೆ. ಇದಕ್ಕೂ ಗ್ಯಾರಂಟಿ ಇಲ್ಲ ಅಂತ ಅವರೇ ಹೇಳಿದರು. ಆ ಮಾತಿಗೇ ನನಗೆ ನಂಬಿಕೆ ಬಂತು. ಅವರು ಗುರುತು ಹಾಕಿದ್ದು ಹಳ್ಳದ ಬದುವಿನ ಹತ್ತಿರ. 410 ಅಡಿಗೆ, ಹರಿವಿನ ಲೆಕ್ಕದಲ್ಲಿ, ಒಂದೂವರೆ ಇಂಚು ನೀರು ಬಿತ್ತು.

ಅಪ್ಪ ಮಾತ್ರ ಊರಿಗೆಲ್ಲ ಬೇರೆಯೇ ಹೇಳಿದರು. "ನಮ್ ಹುಡುಗನ ತಂತಿ ಅಲ್ಲೇ ಕತ್ತರಿ ಹಾಕಿತ್ತು ಕಣ್ರಪ್ಪ, ಅವನ ಕೈಗುಣ." ಈಗ ವಾರಕ್ಕೊಬ್ಬರು ಬಾಗಿಲಿಗೆ ಬರುತ್ತಾರೆ. ನಾನು ಮಂಕರಿ ಕಥೆ ಹೇಳುತ್ತೇನೆ. ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, "ಅದೆಲ್ಲ ಇರ್ಲಿ, ಆ ತಂತಿ ತಗೊಂಡು ಬಾರಪ್ಪ" ಅನ್ನುತ್ತಾರೆ.